ಛಾಯಾಚಿತ್ರಗಾರ್ತಿ ಶ್ರೀಮತಿ ಕ್ಯಾಮರನ್ ಅಮ್ಮನವರ ಚರಿತ್ರೆ

ಶಾಲೆಯ ಸಮೂಹಚಿತ್ರವನ್ನು ತೆಗೆಯಿಸುವ ದಿನವು ಬಂತೆಂದರೆ ನಮ್ಮ ಹುಡುಗಿಯರಲ್ಲಿ ಉಂಟಾಗುವ ಸಂಭ್ರಮವನ್ನು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಿಗೆ ನಾವು ವಿವರಿಸಿ ಹೇಳಬೇಕಾದುದಿಲ್ಲ. ಮೈದಾನದಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿಸುವುದು, ಎತ್ತರಕ್ಕೆ ತಕ್ಕಂತೆ ಮಕ್ಕಳನ್ನು ನಿಲ್ಲಿಸುವುದು, ಚಿಕ್ಕವರನ್ನು ಮುಂದೆ ಜಮಖಾನದ ಮೇಲೆ ಕೂರಿಸುವುದು, ಅಲುಗಾಡಬೇಡಿರೆಂದು ಉಪಾಧ್ಯಾಯಿನಿಯರು ಗದರಿಸುವುದು, ಅಷ್ಟರಲ್ಲಿಯೇ ಯಾರೋ ಒಬ್ಬಳು ಸೀನುವುದು, ಇವೆಲ್ಲವೂ ಎಲ್ಲರ ನೆನಪಿನಲ್ಲಿಯೂ ಇರುವ ಸಂಗತಿಗಳೇ. ಅಂಥದೊಂದು ದಿನದ ಸಾಯಂಕಾಲ ಕೆಳಗಿನ ತರಗತಿಯ ಹುಡುಗಿಯೊಬ್ಬಳು ನಮ್ಮ ಬಳಿಗೆ ಬಂದು, ಹಿಂದಿನ ಕಾಲದ ಹೆಸರುವಾಸಿಯಾದ ಛಾಯಾಚಿತ್ರಗಾರರಲ್ಲಿ ಹೆಂಗಸರೂ ಇದ್ದರೇ ಎಂದು ಕೇಳಿದಳು. ಇದ್ದರು, ಅವರಲ್ಲಿ ಅಗ್ರಗಣ್ಯಳೆನಿಸಿದವಳು ನಮ್ಮ ಭಾರತ ದೇಶದಲ್ಲಿಯೇ ಹುಟ್ಟಿದವಳು ಎಂದು ನಾವು ಹೇಳಿದಾಗ ಆ ಮಗುವಿಗೆ ಬಹಳ ಆಶ್ಚರ್ಯವಾಯಿತು. ಆ ದಿನ ನಾಲ್ಕು ಮಾತುಗಳಲ್ಲಿ ಹೇಳಿದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇವೆ.

ಜೂಲಿಯಾ ಮಾರ್ಗರೆಟ್ ಎಂಬ ಈ ಮಹಿಳೆಯು ೧೮೧೫ನೆಯ ಇಸವಿ ಜೂನ್ ೧೧ನೆಯ ತಾರೀಖು ಕಲ್ಕತ್ತೆಯಲ್ಲಿ ಜನಿಸಿದಳು. ತಂದೆಯಾದ ಜೇಮ್ಸ್ ಪ್ಯಾಟಲ್ ಎಂಬವರು ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ಅಧಿಕಾರಿಗಳಲ್ಲಿ ಒಬ್ಬರು. ತಾಯಿಯು ಫ್ರೆಂಚ್ ಮನೆತನದವಳು. ಅಜ್ಜಿಯ ತವರು ಪುದುಚೇರಿ. ದೊಡ್ಡವರಾಗಿ ಬೆಳೆದ ಏಳು ಮಂದಿ ಅಕ್ಕತಂಗಿಯರಲ್ಲಿ ಉಳಿದವರು ತಮ್ಮ ಚೆಲುವಿನಿಂದ ಕಲ್ಕತ್ತೆಯಲ್ಲಿಯೂ ಲಂಡನ್ನಿನಲ್ಲಿಯೂ ಹೆಸರಾದರು. ಜೂಲಿಯಾ ಮಾತ್ರ ರೂಪವತಿಯೆಂದು ಯಾರಿಂದಲೂ ಕರೆಯಿಸಿಕೊಳ್ಳಲಿಲ್ಲ. ಅವಳಿಗೆ ದೊರೆತದ್ದು ಬುದ್ಧಿ, ಮಾತು ಮತ್ತು ಹಿಡಿದ ಕೆಲಸವನ್ನು ಬಿಡದ ಛಲ. ಚೆಲುವೆಯರ ನಡುವೆ ಚೆಲುವಿಲ್ಲದವಳಾಗಿ ಬೆಳೆದ ಹುಡುಗಿಯೇ ಮುಂದೆ ಚೆಲುವು ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಗುರುತಿಸಿದವಳು ಎಂಬುದು ಗಮನಿಸತಕ್ಕ ವಿಷಯ.

ಆಕೆಯ ವಿದ್ಯಾಭ್ಯಾಸವು ಹೆಚ್ಚಾಗಿ ಫ್ರಾನ್ಸ್ ದೇಶದ ವರ್ಸೈಲ್ಸ್ ಪಟ್ಟಣದಲ್ಲಿ ಅಜ್ಜಿಯ ಆಶ್ರಯದಲ್ಲಿ ನಡೆಯಿತು. ೧೮೩೪ರಲ್ಲಿ ಆಕೆ ಭಾರತಕ್ಕೆ ಹಿಂದಿರುಗಿದಳು. ೧೮೩೬ರಲ್ಲಿ ದೇಹಾಲಸ್ಯದ ನಿಮಿತ್ತ ಗಾಳಿ ಬದಲಾವಣೆಗಾಗಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತಕ್ಕೆ ಹೋದಾಗ ಆಕೆಯ ಜೀವಮಾನವನ್ನೆಲ್ಲ ತಿದ್ದಿದ ಎರಡು ಪರಿಚಯಗಳು ಆದವು. ಒಂದು, ಆಕಾಶದ ನಕ್ಷತ್ರಗಳನ್ನು ಪರೀಕ್ಷಿಸಲು ಅಲ್ಲಿಗೆ ಬಂದಿದ್ದ ಖಗೋಳಶಾಸ್ತ್ರಜ್ಞ ಸರ್ ಜಾನ್ ಹರ್ಷಲ್ ಅವರದು. ಮತ್ತೊಂದು, ಕಲ್ಕತ್ತೆಯ ನ್ಯಾಯಶಾಸ್ತ್ರ ಪಂಡಿತರಾದ ಚಾರ್ಲ್ಸ್ ಹೇ ಕ್ಯಾಮರನ್ ಅವರದು. ಇವರು ಆಕೆಗಿಂತ ೨೦ ವರ್ಷ ಹಿರಿಯರು. ಮೆಕಾಲೆಯವರೊಡನೆ ಭಾರತದ ಕಾನೂನು ಆಯೋಗದಲ್ಲಿದ್ದು, ಇಂಡಿಯನ್ ಪೀನಲ್ ಕೋಡ್ ಎಂದು ತರುವಾಯ ಪ್ರಸಿದ್ಧವಾದ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದವರಲ್ಲಿ ಇವರೂ ಸೇರಿದ್ದರು. ೧೮೩೮ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಇಬ್ಬರಿಗೂ ವಿವಾಹವಾಯಿತು.

ಇನ್ನು ಮುಂದೆ ನಾವು ಆಕೆಯನ್ನು ನಮ್ಮ ಶಾಲೆಯ ವಾಡಿಕೆಯಂತೆ ಕ್ಯಾಮರನ್ ಅಮ್ಮನವರೆಂದೇ ಕರೆಯುವೆವು. ಕಲ್ಕತ್ತೆಯಲ್ಲಿ ಅಮ್ಮನವರು ದೊಡ್ಡ ಅಧಿಕಾರಿಯ ಮಡದಿಯಾಗಿ ಔತಣಗಳನ್ನು ನಡೆಸುವುದರಲ್ಲಿಯೇ ಕಾಲ ಕಳೆಯಲಿಲ್ಲ. ಐರ್ಲೆಂಡಿನಲ್ಲಿ ೧೮೪೫ರಿಂದ ಆಲೂಗೆಡ್ಡೆಯ ಬೆಳೆ ಕೆಟ್ಟು ಘೋರವಾದ ಕ್ಷಾಮವುಂಟಾದಾಗ ಇಲ್ಲಿಂದಲೇ ಚಂದಾ ಎತ್ತಿ ದೊಡ್ಡ ಮೊತ್ತವನ್ನು ಕಳುಹಿಸಿದರು. ಜರ್ಮನ್ ಕಾವ್ಯವೊಂದನ್ನು ಇಂಗ್ಲಿಷಿಗೆ ತಿರುಗಿಸಿ ೧೮೪೭ರಲ್ಲಿ ಪ್ರಕಟಿಸಿದರು. ಈ ನಡುವೆ ೧೮೪೨ರಲ್ಲಿ ಹರ್ಷಲ್ ಅವರು, ಯೂರೋಪಿನಲ್ಲಿ ಆಗತಾನೇ ಹುಟ್ಟಿದ್ದ ಛಾಯಾಗ್ರಹಣ ಕಲೆಯ ಕೆಲವು ಮಾದರಿಗಳನ್ನು ಕಲ್ಕತ್ತೆಗೆ ಕಳುಹಿಸಿಕೊಟ್ಟರು. ಬೆಳಕಿನಿಂದ ಮೂಡಿದ ಚಿತ್ರವು ಕಲ್ಕತ್ತೆಯಲ್ಲಿ ಅಮ್ಮನವರ ಕೈಗೆ ಬಂದದ್ದು ಹೀಗೆ. ಆದರೆ ಆ ಬೀಜವು ಮೊಳೆಯಲು ಇನ್ನೂ ೨೦ ವರ್ಷಗಳಿಗೆ ಮಿಕ್ಕಿ ಬೇಕಾದವು.

೧೮೪೮ರಲ್ಲಿ ಕ್ಯಾಮರನ್ ದಂಪತಿಗಳು ಕೆಲಸದಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಮ್ಮನವರಿಗೆ ಸ್ವಂತ ಮಕ್ಕಳು ಆರು ಮಂದಿ; ಇವರ ಜೊತೆಗೆ ತಂದೆತಾಯಿಗಳನ್ನು ಕಳೆದುಕೊಂಡ ಬಂಧುಗಳ ಮಕ್ಕಳನ್ನೂ ಮನೆಯಲ್ಲಿಟ್ಟುಕೊಂಡು ಸಾಕಿದರು. ಲಂಡನ್ನಿನ ಹೊರವಲಯದ ಪಟ್ನಿ ಬಯಲಿನಲ್ಲಿ ತಾಯಿಯೊಡನೆ ಭಿಕ್ಷೆ ಬೇಡುತ್ತಿದ್ದ ಮೇರಿ ರಾಯನ್ ಎಂಬ ಐರಿಷ್ ಹುಡುಗಿಯೊಬ್ಬಳನ್ನೂ ಮನೆಗೆ ಕರೆತಂದು ಓದು ಬರಹ ಕಲಿಸಿದರು. ೧೮೬೦ರಲ್ಲಿ ಈ ತುಂಬು ಸಂಸಾರವು ವೈಟ್ ದ್ವೀಪದ ಫ್ರೆಷ್‌ವಾಟರ್ ಎಂಬ ಹಳ್ಳಿಯಲ್ಲಿ ನೆಲಸಿತು. ಕವಿ ಟೆನ್ನಿಸನ್ನರ ಮನೆ ಅದೇ ಊರಿನಲ್ಲಿ ಇದ್ದಿತು. ಅಮ್ಮನವರು ಒಂದರ ಪಕ್ಕದಲ್ಲಿ ಒಂದಿದ್ದ ಎರಡು ಮನೆಗಳನ್ನು ಕೊಂಡು, ಸಿಂಹಳದ್ವೀಪದಲ್ಲಿದ್ದ ತಮ್ಮ ಕಾಫಿ ತೋಟದ ಹೆಸರನ್ನೇ ಅದಕ್ಕೆ ಇಟ್ಟು ಡಿಂಬೋಲ ಎಂದು ಕರೆದರು.

ಅಮ್ಮನವರಿಗೆ ೪೮ ವರ್ಷ ವಯಸ್ಸಾಯಿತು. ಯಜಮಾನರು ಸಿಂಹಳದ ತೋಟಗಳನ್ನು ನೋಡಿಕೊಳ್ಳಲು ಹೋಗಿದ್ದರು. ಗಂಡುಮಕ್ಕಳು ದೂರ, ಒಬ್ಬಳೇ ಮಗಳು ಮದುವೆಯಾಗಿ ಗಂಡನ ಮನೆ ಸೇರಿದ್ದಳು. ದಿನವಿಡೀ ಜನ ತುಂಬಿರುತ್ತಿದ್ದ ಮನೆಯು ಬರಿದಾಯಿತು. ಇದನ್ನು ಕಂಡ ಮಗಳೂ ಅಳಿಯನೂ, ತಾಯಿಯ ಬೇಸರವನ್ನು ಕಳೆಯಲು ನೆರವಾದೀತೆಂದು ೧೮೬೩ರ ಡಿಸೆಂಬರಿನಲ್ಲಿ ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಮಕ್ಕಳನ್ನು ಶಾಲೆಗೆ ಬಿಡಲು ಬರುವ ತಾಯಂದಿರಲ್ಲಿ ಎಷ್ಟೋ ಮಂದಿ, ತಮ್ಮ ಕಲಿಯುವ ಕಾಲವು ಮುಗಿದುಹೋಯಿತೆಂದು ನಮ್ಮೊಡನೆ ಹೇಳಿ ನಿಟ್ಟುಸಿರು ಬಿಡುವುದುಂಟು. ಅವರಲ್ಲಿ ಅನೇಕರಿಗೆ ೪೦ ವರ್ಷವೂ ತುಂಬಿರುವುದಿಲ್ಲ. ಅವರು ಈ ಉಡುಗೊರೆಯ ತಾರೀಖನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನಮ್ಮ ಬಿನ್ನಹ.

ಅಂದಿನ ಛಾಯಾಗ್ರಹಣವು ಈಗಿನಂತೆ ಬೆರಳ ತುದಿಯ ಕೆಲಸವಾಗಿರಲಿಲ್ಲ. ಮೊದಲು ದೊಡ್ಡದೊಂದು ಗಾಜಿನ ಫಲಕವನ್ನು ಕಲೆಯಿಲ್ಲದಂತೆ ಒರೆಸಿ, ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಒಂದೇ ಸಮನಾಗಿ ಹರಿಯುವಂತೆ ಸುರಿಯಬೇಕು. ಕತ್ತಲೆಯ ಕೋಣೆಯಲ್ಲಿ ಅದನ್ನು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಇನ್ನೂ ಹಸಿಯಾಗಿರುವಾಗಲೇ ಕ್ಯಾಮರಾದಲ್ಲಿ ಇಟ್ಟು ಚಿತ್ರ ತೆಗೆಯಬೇಕು. ಫಲಕವು ಒಣಗುವುದರೊಳಗೆ ಮತ್ತೆ ಕತ್ತಲೆಕೋಣೆಗೆ ಓಡಿ ರಾಸಾಯನಿಕ ದ್ರವಗಳನ್ನು ಸುರಿದು ಚಿತ್ರವನ್ನು ಮೂಡಿಸಿ, ನಿಲ್ಲಿಸಿ, ಬಾವಿಯಿಂದ ಸೇದಿ ತಂದ ನೀರಿನಲ್ಲಿ ತೊಳೆದು, ಮೆರುಗೆಣ್ಣೆ ಹಚ್ಚಬೇಕು. ಕಡೆಗೆ, ಮೊಟ್ಟೆಯ ಬಿಳಿಯ ಲೋಳೆಯನ್ನು ಸವರಿ ಸಿದ್ಧಪಡಿಸಿದ ಕಾಗದದ ಮೇಲೆ ಆ ಗಾಜನ್ನು ಇಟ್ಟು ಬಿಸಿಲಿನಲ್ಲಿ ಪ್ರತಿಯನ್ನು ತೆಗೆಯಬೇಕು. ಇದರಲ್ಲಿ ಎಲ್ಲಿ ಕೈತಪ್ಪಿದರೂ ಕೆಲಸವೆಲ್ಲ ವ್ಯರ್ಥ. ಬೆಳ್ಳಿಯ ಲವಣವು ತಗಲಿದ ಚರ್ಮವು ಕಪ್ಪಾಗುತ್ತದೆ. ಅಮ್ಮನವರ ಬೆರಳುಗಳೂ ಉಡುಪೂ ಮೇಜಿನ ವಸ್ತ್ರಗಳೂ ಯಾವಾಗಲೂ ಕರೆಯಾಗಿಯೇ ಇರುತ್ತಿದ್ದವಂತೆ.

ಇದನ್ನೆಲ್ಲ ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಕೋಳಿಗಳನ್ನು ಹೊರಕ್ಕೆ ಬಿಟ್ಟು ಕೋಳಿಗೂಡಿನ ಮನೆಯನ್ನೇ ಗಾಜಿನ ಚಿತ್ರಶಾಲೆಯನ್ನಾಗಿ ಮಾಡಿಕೊಂಡರು. ಇದ್ದಿಲು ತುಂಬುತ್ತಿದ್ದ ಕೊಟ್ಟಡಿಯು ಕತ್ತಲೆಕೋಣೆಯಾಯಿತು. ಕೂಲಿ ಕೊಟ್ಟು ಆ ಊರಿನ ರೈತನೊಬ್ಬನನ್ನು ಕೂರಿಸಿ ತೆಗೆದ ಮೊಟ್ಟಮೊದಲನೆಯ ಚಿತ್ರವು, ಹಸಿಯಾದ ಗಾಜಿನ ಮೇಲೆ ತಮ್ಮದೇ ಕೈ ಉಜ್ಜಿ ಅಳಿಸಿಹೋಯಿತು. ಅಷ್ಟಕ್ಕೆ ಎದೆಗುಂದದೆ ಪ್ರಯತ್ನಿಸುತ್ತಲೇ ಹೋಗಿ, ೧೮೬೪ರ ಜನವರಿ ತಿಂಗಳಿನಲ್ಲಿ ಆನಿ ಫಿಲ್ಪಾಟ್ ಎಂಬ ಪುಟ್ಟ ಹುಡುಗಿಯ ಚಿತ್ರವೊಂದನ್ನು ಸರಿಯಾಗಿ ತೆಗೆದರು. ಆ ಮಗುವಿಗೆ ಏನು ಕೊಟ್ಟರೂ ಸಾಲದೆಂಬಂತೆ ಉಡುಗೊರೆಗಾಗಿ ಮನೆಯನ್ನೆಲ್ಲ ಹುಡುಕಿದರು. ಅದೇ ದಿನ ಪ್ರತಿ ತೆಗೆದು, ಚೌಕಟ್ಟು ಹಾಕಿಸಿ, ರಾತ್ರಿಯೊಳಗೆ ಮಗುವಿನ ತಂದೆಯ ಕೈಗೆ ಒಪ್ಪಿಸಿಬಿಟ್ಟರು. ತಮ್ಮ ಮೊದಲನೆಯ ಗೆಲುವು ಇದೆಂದು ಆ ಚಿತ್ರದ ಮೇಲೆ ಬರೆದುಕೊಂಡರು.

ಅಲ್ಲಿಂದ ಮುಂದೆ ಡಿಂಬೋಲದ ಹಾದಿಯಲ್ಲಿ ನಡೆಯುವವರಿಗೆ ನೆಮ್ಮದಿಯಿಲ್ಲದಂತಾಯಿತು. ಮುಖದಲ್ಲಿ ಏನಾದರೊಂದು ವಿಶೇಷವು ಕಂಡರೆ ಸಾಕು, ನೆಂಟರಾಗಲಿ ಹಳ್ಳಿಯವರಾಗಲಿ ದಾರಿಹೋಕರಾಗಲಿ ಗಾಜಿನ ಮನೆಯೊಳಕ್ಕೆ ಹೋಗಲೇಬೇಕು. ಮೂರರಿಂದ ಏಳು ನಿಮಿಷಗಳವರೆಗೂ ಅಲುಗದೆ ಕುಳಿತಿರಬೇಕಾದ ಆ ಚಿತ್ರಗಳಿಗೆ ಕವಿ ಟೆನ್ನಿಸನ್ ಅವರೂ ಬಲಿಯಾದರು. ಚರಿತ್ರಕಾರ ಕಾರ್ಲೈಲ್, ಕವಿಗಳಾದ ಬ್ರೌನಿಂಗ್ ಮತ್ತು ಲಾಂಗ್‌ಫೆಲೋ, ಜೀವವಿಜ್ಞಾನಿ ಡಾರ್ವಿನ್ ಇವರೆಲ್ಲರನ್ನೂ ಅಮ್ಮನವರು ಚಿತ್ರಿಸಿದರು. ೧೮೬೮ರಲ್ಲಿ ಬೇಸಗೆ ಕಳೆಯಲು ಫ್ರೆಷ್‌ವಾಟರಿಗೆ ಬಂದ ಡಾರ್ವಿನ್ ಅವರು, ತಮ್ಮನ್ನು ಕುರಿತು ತೆಗೆದ ಚಿತ್ರಗಳಲ್ಲೆಲ್ಲ ಅಮ್ಮನವರು ತೆಗೆದದ್ದನ್ನೇ ಹೆಚ್ಚಾಗಿ ಮೆಚ್ಚಿದರು. ಆದರೂ ಇವೆಲ್ಲಕ್ಕೂ ಮಿಗಿಲಾದುದು ೧೮೬೭ರಲ್ಲಿ ತೆಗೆದ ಹರ್ಷಲ್ ಅವರ ಚಿತ್ರವೆಂದು ನಮ್ಮ ಅಭಿಪ್ರಾಯ. ಮಣಭಾರದ ಸಲಕರಣೆಗಳನ್ನು ಹೊರಿಸಿಕೊಂಡು ಅವರ ಮನೆಗೇ ಹೋಗಿ, ಆ ವೃದ್ಧರ ಬೆಳ್ಳನೆಯ ಕೂದಲನ್ನು ತೊಳೆಯಿಸಿ ಕೆದರಿಸಿ, ಕತ್ತಲೆಯ ನಡುವೆ ಮುಖವೊಂದೇ ಬೆಳಗುವಂತೆ ತೆಗೆದ ಚಿತ್ರವದು. ಮೂವತ್ತು ವರ್ಷಗಳ ಹಿಂದೆ ಕೇಪ್ ಪ್ರಾಂತದಲ್ಲಿ ಕಂಡ ಗುರುವಿಗೆ ಶಿಷ್ಯಳು ಸಲ್ಲಿಸಿದ ಕಾಣಿಕೆಯೆಂದು ಅದನ್ನು ನೋಡಿದವರಿಗೆ ತೋರದೆ ಇರದು.

ದೊಡ್ಡವರ ಚಿತ್ರಗಳಷ್ಟೇ ಅಲ್ಲದೆ ಸತ್ಯವೇದದ ಪ್ರಸಂಗಗಳನ್ನೂ ಅಮ್ಮನವರು ಚಿತ್ರಿಸಿದರು. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಹೇಳಿದ ಪ್ರೀತಿ, ಸಮಾಧಾನ, ನಂಬಿಕೆ ಮೊದಲಾದ ಆತ್ಮನ ಫಲಗಳು ಒಂಬತ್ತನ್ನೂ ತಾಯಿ ಮಕ್ಕಳ ರೂಪದಲ್ಲಿ ಒಂಬತ್ತು ಚಿತ್ರಗಳಾಗಿ ತೆಗೆದು, ೧೮೬೫ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಅರ್ಪಿಸಿದರು. ಇವುಗಳಲ್ಲಿ ಕರ್ತನ ತಾಯಿಯಾದ ಮರಿಯಳಾಗಿ ಕುಳಿತವಳು ಯಾರು? ಆ ಮನೆಯ ಕೆಲಸದ ಹುಡುಗಿ ಮೇರಿ ಹಿಲ್ಲಿಯರ್. ಬೆಳಿಗ್ಗೆ ಮನೆಯನ್ನು ಗುಡಿಸಿ ನೀರು ಹೊತ್ತು ತರುವವಳು ಮಧ್ಯಾಹ್ನ ಮುಸುಕು ಹೊದೆದು ಮಗುವನ್ನು ಎತ್ತಿಕೊಂಡರೆ ಅಮ್ಮನವರ ಕಣ್ಣಿಗೆ ದೇವಮಾತೆಯಾಗಿ ಕಂಡಳು. ಊರಿನವರು ಅವಳಿಗೆ ಮೇರಿ ಮಡೋನಾ ಎಂದೇ ಹೆಸರಿಟ್ಟರು. ಟೆನ್ನಿಸನ್ನರ ಮುಖಕ್ಕೆ ಕೊಟ್ಟ ಬೆಳಕನ್ನೇ ಕೆಲಸದವಳ ಮುಖಕ್ಕೂ ಕೊಟ್ಟರೆಂಬುದು ನಮ್ಮ ದೃಷ್ಟಿಯಲ್ಲಿ ಅಮ್ಮನವರ ಹಿರಿಯ ಗುಣ.

ಭಿಕ್ಷೆ ಬೇಡುತ್ತಿದ್ದ ಮೇರಿ ರಾಯನಳ ಕಥೆಯಂತೂ ಕಟ್ಟುಕಥೆಯಂತಿದೆ. ೧೮೬೫ರಲ್ಲಿ ಲಂಡನ್ನಿನ ಕೋಲ್ನಾಗಿಯವರ ಅಂಗಡಿಯಲ್ಲಿ ನಡೆದ ಚಿತ್ರಪ್ರದರ್ಶನದಲ್ಲಿ ಅವಳ ಭಾವಚಿತ್ರವನ್ನು ಕಂಡು ಮನಸೋತ ತರುಣನೊಬ್ಬನು ೧೮೬೭ರಲ್ಲಿ ಅವಳ ಕೈ ಹಿಡಿದನು. ಆತನೇ ಹೆನ್ರಿ ಕಾಟನ್. ಭಾರತದಲ್ಲಿ ಸಿವಿಲ್ ಅಧಿಕಾರಿಯಾಗಿ, ಅಸ್ಸಾಮಿನ ಚೀಫ್ ಕಮಿಷನರಾಗಿ, ಭಾರತೀಯರ ಪಕ್ಷವನ್ನು ಹಿಡಿದು ಮಾತನಾಡಿ, ೧೯೦೪ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದ ಸರ್ ಹೆನ್ರಿ ಕಾಟನ್ ಅವರೇ ಇವರು.

ಇಷ್ಟೆಲ್ಲ ಆದರೂ ವೃತ್ತಿನಿರತರಾದ ಛಾಯಾಗ್ರಾಹಕರು ಅಮ್ಮನವರನ್ನು ಒಪ್ಪಲಿಲ್ಲ. ಚಿತ್ರಗಳು ಮಸುಕಾಗಿವೆ, ಫಲಕದ ಮೇಲೆ ಬಿರುಕುಗಳೂ ಬೆರಳ ಗುರುತುಗಳೂ ಕಾಣುತ್ತವೆ, ಈಕೆಗೆ ಕಸಬಿನ ಮೊದಲ ಪಾಠವೂ ತಿಳಿಯದು ಎಂದು ಪತ್ರಿಕೆಗಳಲ್ಲಿ ಹಳಿದರು. ಆಕ್ಷೇಪಣೆಯಲ್ಲಿ ಸ್ವಲ್ಪ ನಿಜವೂ ಇದ್ದಿತು. ಗಡಿಬಿಡಿಯೂ ಅಜಾಗ್ರತೆಯೂ ಅವರ ಸ್ವಭಾವದಲ್ಲಿಯೇ ಇದ್ದವು. ಆದರೆ ಮಸುಕು ಬರಿಯ ತಪ್ಪಲ್ಲ. ಮುಖದ ಪ್ರತಿಯೊಂದು ಸುಕ್ಕನ್ನೂ ಕೊರೆದಿಟ್ಟಂತೆ ತೋರಿಸುವುದಕ್ಕಿಂತ ಒಳಗಿನ ಮನುಷ್ಯನನ್ನು ತೋರಿಸಬೇಕೆಂಬುದು ಅವರ ಗುರಿ. ಮಸೂರವನ್ನು ತಿರುಗಿಸುತ್ತ ಹೋಗಿ ಕಣ್ಣಿಗೆ ಚೆಲುವೆನಿಸಿದ ಕಡೆಯಲ್ಲಿ ನಿಲ್ಲಿಸಿಬಿಡುತ್ತಿದ್ದರು. ಟೀಕೆಯನ್ನು ಓದಿ ನಕ್ಕರು, ಕೆಲವೊಮ್ಮೆ ನೊಂದುಕೊಂಡರು, ಕೆಲಸವನ್ನು ಮಾತ್ರ ಬಿಡಲಿಲ್ಲ. ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನ ನಿರ್ದೇಶಕರಾದ ಹೆನ್ರಿ ಕೋಲ್ ಅವರು ೧೮೬೫ರಲ್ಲಿ ಅವರ ಚಿತ್ರಗಳನ್ನು ಕೊಂಡು ಪ್ರದರ್ಶಿಸಿ, ೧೮೬೮ರಲ್ಲಿ ಚಿತ್ರ ತೆಗೆಯಲು ಅಲ್ಲಿಯೇ ಎರಡು ಕೋಣೆಗಳನ್ನೂ ಬಿಟ್ಟುಕೊಟ್ಟರು. ಬರ್ಲಿನ್ ನಗರದಿಂದ ಪದಕಗಳೂ ಬಂದವು. ಆದರೆ ಮಾರಾಟದ ಹಣವು ಖರ್ಚಿಗೆ ಸಾಲುತ್ತಿರಲಿಲ್ಲ.

೧೮೭೩ರಲ್ಲಿ ಅಮ್ಮನವರಿಗೆ ಮಹಾದುಃಖವೊಂದು ಒದಗಿತು. ಕ್ಯಾಮರಾವನ್ನು ಕೊಟ್ಟ ಆ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಮರುವರ್ಷ, ಅಂದರೆ ೧೮೭೪ರಲ್ಲಿ, ತಮ್ಮ ಗಾಜಿನ ಮನೆಯ ಚರಿತ್ರೆಯನ್ನು ಬರೆಯಲು ತೊಡಗಿ ಅರ್ಧದಲ್ಲಿ ನಿಲ್ಲಿಸಿದರು. ಅದೇ ಕಾಲದಲ್ಲಿ ಟೆನ್ನಿಸನ್ನರ ಆರ್ಥರ್ ರಾಜನ ಕಾವ್ಯಕ್ಕೆ ಚಿತ್ರಗಳನ್ನು ತೆಗೆದರು. ಇತ್ತ ಸಿಂಹಳದ ಕಾಫಿ ತೋಟಗಳಿಗೆ ೧೮೬೯ರಲ್ಲಿ ಎಲೆರೋಗವು ತಗಲಿ ಆದಾಯವು ಇಳಿಯುತ್ತ ಬಂದಿತು. ನಮ್ಮ ಕೊಡಗು ಮಲೆನಾಡುಗಳ ಬೆಳೆಗಾರರ ಮನೆಗಳಿಂದ ಬಂದ ಮಕ್ಕಳಿಗೆ ಈ ರೋಗದ ಹೆಸರನ್ನು ಹೇಳಿಕೊಡಬೇಕಾಗಿಲ್ಲ. ತುಕ್ಕಿನ ಬಣ್ಣದ ಪುಡಿಯಾಗಿ ಎಲೆಯ ಬೆನ್ನಿಗೆ ಹತ್ತಿಕೊಳ್ಳುವ ಆ ಪಿಡುಗೇ ಇದು. ೮೦ ವರ್ಷ ವಯಸ್ಸಿನ ಯಜಮಾನರಿಗೂ ಸಿಂಹಳದ ಹಂಬಲವು ಹೆಚ್ಚಾಗಿದ್ದುದರಿಂದ ೧೮೭೫ರ ಅಕ್ಟೋಬರಿನಲ್ಲಿ ದಂಪತಿಗಳು ಹಡಗು ಹತ್ತಿದರು. ಶವದ ಪೆಟ್ಟಿಗೆಗಳು ಅಲ್ಲಿ ಸಿಕ್ಕವೋ ಇಲ್ಲವೋ ಎಂದು ಎರಡನ್ನು ಜೊತೆಯಲ್ಲಿಯೇ ಕೊಂಡೊಯ್ದು, ಜಾಗವು ವ್ಯರ್ಥವಾಗದಂತೆ ಅದರೊಳಗೆ ಪಿಂಗಾಣಿ ಸಾಮಾನುಗಳನ್ನು ತುಂಬಿದ್ದರು. ಮರಣವನ್ನು ಇಷ್ಟು ಸರಳವಾಗಿ ಎದುರುನೋಡಿದ ಗೃಹಿಣಿಯರು ವಿರಳ.

ಸಿಂಹಳದಲ್ಲಿ ಅಮ್ಮನವರು ತೆಗೆದ ಚಿತ್ರಗಳು ಬಹಳ ಕಡಮೆ. ಈಗ ಉಳಿದಿರುವುವು ಮೂವತ್ತನ್ನೂ ಮುಟ್ಟಲಾರವು. ೧೮೭೭ರಲ್ಲಿ ಕಳುತರದ ಅವರ ಮನೆಗೆ ಬಂದ ಚಿತ್ರಕಾರ್ತಿ ಮೇರಿಯಾನ್ ನಾರ್ತ್ ಅವರನ್ನು, ಆ ಸೆಕೆಯಲ್ಲಿಯೂ ಶಾಲು ಹೊದಿಸಿ, ಹಿಂದೆ ತೆಂಗಿನ ಗರಿಗಳನ್ನು ನಿಲ್ಲಿಸಿ ಚಿತ್ರ ತೆಗೆದರು. ಉಳಿದವುಗಳಲ್ಲಿ ಹೆಚ್ಚಿನವು ತೋಟದ ಮತ್ತು ಮನೆಯ ಕೆಲಸದವರ ಚಿತ್ರಗಳು. ಇಲ್ಲಿ ನಾವು ಒಂದು ವಿಷಯವನ್ನು ಮುಚ್ಚಿಡಲಾರೆವು. ವೈಟ್ ದ್ವೀಪದ ಕೆಲಸದ ಹುಡುಗಿಯರ ಹೆಸರುಗಳನ್ನು ಅಮ್ಮನವರು ಜಗತ್ತಿಗೇ ತಿಳಿಸಿದರು. ಸಿಂಹಳದಲ್ಲಿ ಅವರ ಕ್ಯಾಮರಾದ ಮುಂದೆ ಅಷ್ಟೇ ತಾಳ್ಮೆಯಿಂದ ನಿಂತ ಹೆಂಗಸರೂ ಗಂಡಸರೂ ಸಿಂಹಳದ ಹುಡುಗಿಯೆಂದೋ ಕಳುತರದ ರೈತರೆಂದೋ ಉಳಿದರು, ಅವರಿಗೆ ಹೆಸರಿಲ್ಲ. ಅಂದಿನ ಕಾಫಿ ತೋಟಗಳು ನಮ್ಮ ದಕ್ಷಿಣದ ತಮಿಳುನಾಡಿನಿಂದ ಹೋದ ಕೂಲಿಯಾಳುಗಳ ದುಡಿಮೆಯಿಂದ ನಡೆದವು. ಡಿಂಬೋಲದ ಮನೆಯೂ ಗಾಜಿನ ಫಲಕಗಳೂ ಆ ದುಡಿಮೆಯ ಆದಾಯದಿಂದಲೇ ಬಂದವು. ಮುಖವನ್ನು ಅಷ್ಟು ಆದರದಿಂದ ನೋಡಿದ ಕಣ್ಣು ಅವರ ಹೆಸರನ್ನು ಕೇಳಲು ಮರೆಯಿತೆಂಬುದು ನಮಗೆ ನೋವಿನ ಮಾತು. ಹಿರಿಯರ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಅವರ ಗುಣಗಳೊಡನೆ ಇದನ್ನೂ ಹೇಳಬೇಕು.

೧೮೭೯ರ ಜನವರಿ ೨೬ರಂದು ಡಿಕೋಯ ಕಣಿವೆಯಲ್ಲಿ ಅಮ್ಮನವರು ದೇಹಬಿಟ್ಟರು. ಬೊಗವಂತಲಾವದ ಸಂತ ಮರಿಯಳ ದೇವಾಲಯದ ಅಂಗಳದಲ್ಲಿ ಅವರ ಸಮಾಧಿಯಿದೆ. ಮರುವರ್ಷ ತೀರಿಕೊಂಡ ಯಜಮಾನರೂ ಅಲ್ಲಿಯೇ ಪಕ್ಕದಲ್ಲಿ ವಿಶ್ರಮಿಸಿದ್ದಾರೆ.

ಕ್ಯಾಮರಾವನ್ನು ಹಿಡಿದದ್ದು ಕೇವಲ ಹದಿನೈದು ವರ್ಷ; ಬಿಟ್ಟುಹೋದ ಚಿತ್ರಗಳು ಸಾವಿರಕ್ಕೂ ಮಿಕ್ಕಿವೆ. ಗಾಜಿನ ಮನೆಯ ಅರೆಬರೆ ಚರಿತ್ರೆಯು ೧೮೮೯ರಲ್ಲಿ ಅಚ್ಚಾಯಿತು. ಮಗ ಹೆನ್ರಿ ಹರ್ಷಲ್ ಕ್ಯಾಮರನ್ ತಾಯಿಯ ಕಸಬನ್ನೇ ಹಿಡಿದನು. ೧೯೧೩ರಲ್ಲಿ ಅಮೆರಿಕದ ಸ್ಟೀಗ್ಲಿಟ್ಸ್ ಅವರು ತಮ್ಮ ಪತ್ರಿಕೆಯಲ್ಲಿ ಅವರ ಚಿತ್ರಗಳನ್ನು ಮುದ್ರಿಸಿದರು. ಅಮ್ಮನವರು ಮತ್ತೆ ಮತ್ತೆ ಚಿತ್ರಿಸಿದ, ಕಲ್ಕತ್ತೆಯಲ್ಲಿಯೇ ಹುಟ್ಟಿದ ತಂಗಿಯ ಮಗಳು ಜೂಲಿಯಾ ಜಾಕ್ಸನಳ ಮಗಳೇ ಪ್ರಸಿದ್ಧ ಲೇಖಕಿ ವರ್ಜಿನಿಯಾ ವುಲ್ಫ್. ಈಕೆ ತನ್ನ ಮುದ್ರಣಾಲಯದಿಂದ ೧೯೨೬ರಲ್ಲಿ ಆ ಚಿತ್ರಗಳ ಪುಸ್ತಕವೊಂದನ್ನು ಹೊರತಂದಳು. ಕೆಡವಿಹಾಕಬೇಕೆಂದಿದ್ದ ಡಿಂಬೋಲದ ಮನೆಯನ್ನು ೧೯೯೦ರ ದಶಕದಲ್ಲಿ ಅಭಿಮಾನಿಗಳು ಉಳಿಸಿಕೊಂಡು ಚಿತ್ರಸಂಗ್ರಹಾಲಯವನ್ನಾಗಿ ಮಾಡಿದರು. ೨೦೧೫ರಲ್ಲಿ ಹುಟ್ಟಿದ ಇನ್ನೂರು ವರ್ಷಗಳ ನೆನಪಿಗಾಗಿ, ಹಿಂದೆ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ ಎಂದಿದ್ದ ಅದೇ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನವು ನಡೆಯಿತು. ಮಸುಕೆಂದು ಹಳಿದವರ ಹೆಸರುಗಳು ಇಂದು ಯಾರಿಗೂ ನೆನಪಿಲ್ಲ.

ಈ ಚರಿತ್ರೆಯನ್ನು ಬರೆಯುತ್ತಿರುವಾಗ ನಮ್ಮ ಆಫೀಸಿನ ಬೀರುವಿನಲ್ಲಿರುವ ಹಳೆಯ ಸಮೂಹಚಿತ್ರಗಳನ್ನು ಹೊರತೆಗೆದು ನೋಡಿದೆವು. ಮುಖಗಳು ಚೆನ್ನಾಗಿಯೇ ಉಳಿದಿವೆ. ಹಿಂಬದಿಯಲ್ಲಿ ಉಪಾಧ್ಯಾಯಿನಿಯರ ಹೆಸರುಗಳಿವೆ. ಬಹುಮಾನ ಪಡೆದ ಹುಡುಗಿಯರ ಹೆಸರುಗಳೂ ಇವೆ. ಆದರೆ ಹಿಂದಿನ ಸಾಲಿನ ಕೊನೆಯಲ್ಲಿ ನಿಂತ ಬೋರ್ಡಿಂಗಿನ ಬಡಮಕ್ಕಳ ಹೆಸರನ್ನೂ, ಅಡಿಗೆಯ ಅಮ್ಮನ ಹೆಸರನ್ನೂ, ಗಂಟೆ ಬಾರಿಸುತ್ತಿದ್ದ ಅಜ್ಜನ ಹೆಸರನ್ನೂ ಯಾರೂ ಬರೆದಿಟ್ಟಿಲ್ಲ. ಸಿಂಹಳದ ಚಿತ್ರಗಳನ್ನು ಕುರಿತು ನಾವು ಹೇಳಿದ ತಪ್ಪು ನಮ್ಮ ಬೀರುವಿನಲ್ಲಿಯೂ ಇದೆಯೆಂದು ತಿಳಿದು ನಮಗೆ ನಾಚಿಕೆಯಾಯಿತು. ಆದುದರಿಂದ ಪ್ರಿಯ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ಸಮ್ಮೇಳನಕ್ಕೆ ತಪ್ಪದೆ ಬನ್ನಿರಿ. ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಜೊತೆಗೆ ಪೆನ್ಸಿಲುಗಳನ್ನೂ ಇಟ್ಟಿರುವೆವು. ನಿಮ್ಮ ಪಕ್ಕದಲ್ಲಿ ನಿಂತಿದ್ದವಳು ಯಾರೆಂದು ನಿಮಗೆ ಗೊತ್ತು. ಅವಳ ಹೆಸರನ್ನು ನಿಮ್ಮ ಕೈಯಾರೆ ಬರೆದು ಹೋಗಿರಿ.